ಅರ್ಧಕ್ಕೆ ನಿಂತ ಎಂ.ಇಡಿ.ಗೆ ಮರಳುವುದೋ, ಇಗ್ನೊದ ಎಂ.ಎ. ಶಿಕ್ಷಣ ಹಿಡಿಯುವುದೋ: ಹಾಸನ, ಚಿಕ್ಕಮಗಳೂರಿನ ಶಿಕ್ಷಕರಿಗೊಂದು ವಿಮರ್ಶೆ

ಬಿ.ಇಡಿ. ಮುಗಿದಿದೆ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿ.ಇ.ಟಿ. ಪಾಸಾಗಿದೆ, ಬಿ.ಇಡಿ. ಮೇಲಿನ ಸ್ನಾತಕೋತ್ತರ ಪದವಿಯಾದ ಎಂ.ಇಡಿ.ಗೆ ಸೇರಿ ಒಂದೆರಡು ಸೆಮಿಸ್ಟರ್ ಓದಿದ್ದೂ ಆಗಿದೆ. ಅಷ್ಟರಲ್ಲಿ ನೇಮಕಾತಿ ಆದೇಶ ಬಂತು, ಮೂಡಿಗೆರೆಗೋ ಅರಕಲಗೂಡಿಗೋ ಹೋಗಿ ವರದಿ ಮಾಡಿಕೊಂಡಾಯಿತು, ಓದು ಅಲ್ಲಿಗೇ ನಿಂತಿತು. ಕೆಲಸ ಒಂದು ಹದಕ್ಕೆ ಬಂದ ಮೇಲೆ ಈ ಬಾಕಿ ಪದವಿ ಮತ್ತೆ ನೆನಪಾಗುತ್ತದೆ. ಅಂಥವರ ಮುಂದಿರುವ ದಾರಿ ಮುಖ್ಯವಾಗಿ ಎರಡು: ಬಿಟ್ಟ ಎಂ.ಇಡಿ.ಯನ್ನೇ ಮುಗಿಸುವುದು, ಇಲ್ಲವೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೊದ, ಎಂ.ಎ. ಶಿಕ್ಷಣಕ್ಕೆ, ಎಂದರೆ ಶಿಕ್ಷಣವನ್ನೇ ವಿಷಯವಾಗಿ ದೂರಶಿಕ್ಷಣದಲ್ಲಿ ಓದುವ ಎಂ.ಎ.ಗೆ, ಸೇರುವುದು.

ಮೇಷ್ಟ್ರುಗಳಿಗಾಗಿ ಬರೆಯುವಾಗ ಅಂಕ ಕೊಡದೆ ಮುಗಿಸಲಾಗದು. ಕೆಲಸದಲ್ಲಿದ್ದು ಸಂಬಳ ಬಿಡಲಾಗದವರಿಗೆ ಇಗ್ನೊದ ಎಂ.ಎ.ಗೆ ಹತ್ತಕ್ಕೆ ಏಳು. ಅವಧಿ ಇನ್ನೂ ಉಳಿದಿದ್ದು, ರಜೆಯೂ ಮಂಜೂರಾಗುವಂತಿದ್ದರೆ ಎಂ.ಇಡಿ.ಗೆ ಎಂಟು. ಅವಧಿ ಮುಗಿದ ಎಂ.ಇಡಿ.ಯ ಹಿಂದೆ ಅಲೆಯುವುದಕ್ಕೆ ಸೊನ್ನೆ.

ಆ ಅವಧಿ ಎಷ್ಟು ಎನ್ನುವುದನ್ನು ಮೊದಲು ನೋಡಿಕೊಳ್ಳಿ. ಶಿಕ್ಷಕರ ತರಬೇತಿ ಕೋರ್ಸುಗಳಿಗೆ ನಿಯಮ ಮಾಡುವ ಕೇಂದ್ರ ಸಂಸ್ಥೆ ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಎಂ.ಇಡಿ. ಎರಡು ಶೈಕ್ಷಣಿಕ ವರ್ಷಗಳ ಕೋರ್ಸು. ಪ್ರವೇಶ ಪಡೆದ ದಿನದಿಂದ ಗರಿಷ್ಠ ಮೂರು ವರ್ಷದೊಳಗೆ ಎಲ್ಲವೂ ಮುಗಿಯಬೇಕು. ಈ ಮೂರು ವರ್ಷ ಕಾಲೇಜು ಬಿಟ್ಟ ದಿನದಿಂದ ಶುರುವಾಗುವುದಿಲ್ಲ, ಕೊನೆಯ ಪರೀಕ್ಷೆ ಬರೆದ ದಿನದಿಂದಲೂ ಅಲ್ಲ. ಎರಡು ಸೆಮಿಸ್ಟರ್ ಮುಗಿಸಿ ಒಂದೂವರೆ ವರ್ಷ ಸುಮ್ಮನಿದ್ದವರಿಗೆ ಉಳಿಯುವುದು ಆರು ತಿಂಗಳು, ಬಾಕಿ ಇರುವುದು ಎರಡು ಸೆಮಿಸ್ಟರ್. ಲೆಕ್ಕ ಅಲ್ಲಿಗೇ ಮುಗಿಯಿತು. ಹೊಸ ನಿಯಮಾವಳಿಗೂ ಮುಂಚಿನ ಒಂದು ವರ್ಷದ ಎಂ.ಇಡಿ.ಯನ್ನು ಬಿಟ್ಟವರಂತೂ ಮರಳುವ ಯೋಚನೆಯನ್ನೇ ಬಿಡಬಹುದು, ಅವರ ಪಠ್ಯಕ್ರಮ ಈಗ ಚಾಲ್ತಿಯಲ್ಲಿಲ್ಲ.

ಅವಧಿ ಉಳಿದಿದೆ ಎಂದಾದರೆ ಪ್ರಾಂಶುಪಾಲರ ಬಳಿ ಬರಿಗೈಯಲ್ಲಿ ಹೋಗಬೇಡಿ. ಪ್ರವೇಶದ ರಸೀದಿ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಬರೆದ ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಕೊನೆಯ ಪರೀಕ್ಷೆಯ ಪ್ರವೇಶಪತ್ರ, ಇಷ್ಟರ ಎರಡು ಸೆಟ್ ಜೆರಾಕ್ಸ್ ಕೈಯಲ್ಲಿರಲಿ. ಓದು ನಿಂತ ಕಾರಣ ಮತ್ತು ಯಾವ ಸೆಮಿಸ್ಟರಿಗೆ ಮರುಪ್ರವೇಶ ಬೇಕು ಎಂಬುದನ್ನು ಬರೆದ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಸಾಮಾನ್ಯವಾಗಿ ತೊಡಕಾಗುವುದು ಮೂರು ಕಡೆ. ಪರೀಕ್ಷೆ ಬರೆದಿದ್ದರೂ ಆಂತರಿಕ ಅಂಕ ವಿಶ್ವವಿದ್ಯಾಲಯಕ್ಕೆ ಹೋಗಿರುವುದಿಲ್ಲ, ಅಂಕಪಟ್ಟಿಯಲ್ಲಿ ಆ ಪತ್ರಿಕೆ ಗೈರೆಂದೋ ತಡೆಹಿಡಿಯಲಾಗಿದೆಯೆಂದೋ ಕೂತಿರುತ್ತದೆ. ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲು ಬಿಡದ ಸೆಮಿಸ್ಟರ್ ಬಾಕಿ ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಪೂರ್ತಿ ಮತ್ತೆ ಓದಬೇಕು. ಇನ್ನು ಈ ನಡುವೆ ಪಠ್ಯಕ್ರಮ ಬದಲಾಗಿದ್ದರೆ ಹಳೆಯ ಸ್ಕೀಮಿನವರಿಗೆ ಪರೀಕ್ಷೆ ನಡೆಸುವುದು ಕೆಲವೇ ಸಲ. ಅದು ಇನ್ನೆಷ್ಟು ಸಲ ಇದೆ ಎಂಬುದನ್ನು ಪರೀಕ್ಷಾಂಗ ವಿಭಾಗದಿಂದ ಬರಹದಲ್ಲಿ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಭರವಸೆ ಮುಂದಿನ ಅಧಿಸೂಚನೆ ಬಂದಾಗ ಕೆಲಸಕ್ಕೆ ಬರುವುದಿಲ್ಲ.

ಹಾಸನದವರಿಗೆ ಇನ್ನೊಂದು ಗೊಂದಲ. ಹಾಸನ ವಿಶ್ವವಿದ್ಯಾಲಯ ಬರುವ ಮೊದಲು ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ನಿಮ್ಮ ನೋಂದಣಿ ಸಂಖ್ಯೆ ಯಾವ ವಿಶ್ವವಿದ್ಯಾಲಯದ್ದೋ ಆ ಕಡತ ಅಲ್ಲಿಯದು ಎಂದುಕೊಂಡೇ ವಿಚಾರಣೆ ಶುರುಮಾಡಿ. ಹಾಸನದ ಹೇಮಗಂಗೋತ್ರಿ ಕ್ಯಾಂಪಸ್ಸಿಗೂ ಮೈಸೂರು ವಿಶ್ವವಿದ್ಯಾಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನಕ್ಕೂ ಅರ್ಜಿ ಹಿಡಿದು ತಿರುಗುವ ಬದಲು ಅಂಕಪಟ್ಟಿಯ ನೆತ್ತಿಯ ಮೇಲೆ ಯಾರ ಲಾಂಛನ ಇದೆ ನೋಡಿದರೆ ಸಾಕು. ಚಿಕ್ಕಮಗಳೂರು ಕಡೆಯವರಿಗೆ ಈ ಪಜೀತಿ ಇಲ್ಲ. ಅವರದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ.

ಎಂ.ಇಡಿ.ಗೆ ಮರಳುವವರು ನಿಜಕ್ಕೂ ಹೆದರಬೇಕಾದದ್ದು ಹಾಜರಾತಿಗೆ. ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ, ತರಗತಿಗಳಿಗೆ ಶೇ. 80, ಕ್ಷೇತ್ರಕಾರ್ಯಕ್ಕೆ ಶೇ. 90 ಹಾಜರಾತಿ, ಇದು ಎನ್‌ಸಿಟಿಇ ಹಾಕಿದ ಅಳತೆ. ಶಾಲೆಯಲ್ಲಿ ಪಾಠ ಮಾಡಿಕೊಂಡೇ ಇದನ್ನು ಪೂರೈಸುವುದು ಯಾರಿಂದಲೂ ಆಗದು. ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ನೀವು ಪರೀಕ್ಷೆಗೆ ಬಂದರೆ ಸಾಕು’ ಎನ್ನುವವರು ಸಿಗುತ್ತಾರೆ. ಒಂದೇ ದಿನ ಶಾಲೆಯ ಹಾಜರಿ ಪುಸ್ತಕದಲ್ಲೂ ಕಾಲೇಜಿನ ಹಾಜರಿ ಪುಸ್ತಕದಲ್ಲೂ ನಿಮ್ಮ ಸಹಿ ಇದ್ದರೆ ಒಂದು ಸುಳ್ಳು. ಯಾವುದು ಸುಳ್ಳು ಎಂದು ಯಾರಾದರೂ ಮಾಹಿತಿ ಹಕ್ಕಿನಲ್ಲಿ ಕೇಳಿದ ದಿನ ಪದವಿಯ ಜೊತೆಗೆ ಕೆಲಸಕ್ಕೂ ಸಂಚಕಾರ. ಇಲಾಖೆಯ ನಿಯೋಜನೆ ಸಿಕ್ಕವರು, ರಜೆ ಮಂಜೂರಾದವರು, ಖಾಸಗಿ ಶಾಲೆಯ ಕೆಲಸ ಬಿಟ್ಟು ಓದಬಲ್ಲವರು, ಇವರಿಗಷ್ಟೇ ಎಂ.ಇಡಿ.

ದೂರಶಿಕ್ಷಣದಲ್ಲಿ ಎಂ.ಇಡಿ. ಮಾಡಿಸುತ್ತೇವೆ ಎಂದು ಬಸ್ ನಿಲ್ದಾಣದ ಗೋಡೆಗೆ ಹಚ್ಚಿದ ಚೀಟಿಗಳ ವಿಚಾರವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು. 2014ರ ನಿಯಮಾವಳಿ ದೂರಶಿಕ್ಷಣಕ್ಕೆ ಬಿಟ್ಟಿರುವುದು ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಆದ ಡಿ.ಇಎಲ್.ಇಡಿ. ಮತ್ತು ಬಿ.ಇಡಿ. ಎರಡನ್ನು ಮಾತ್ರ, ಎಂ.ಇಡಿ. ಅದರಲ್ಲಿಲ್ಲ. ಇನ್ನು 2025ರ ಫೆಬ್ರುವರಿಯಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡಿನಲ್ಲಿ ಒಂದು ವರ್ಷದ ಎಂ.ಇಡಿ. ಪ್ರಸ್ತಾವ ಇದೆ. ಕರಡನ್ನು ನಂಬಿ ಈಗಿನ ಓದನ್ನು ಮುಂದೂಡುವುದು ಜಾಣತನವಲ್ಲ.

ಇನ್ನು ಇಗ್ನೊದ ಎಂ.ಎ. ಶಿಕ್ಷಣ. ಇದರಿಂದ ಏನು ದಕ್ಕುತ್ತದೆ, ಏನು ದಕ್ಕುವುದಿಲ್ಲ ಎಂಬುದು ಸ್ಪಷ್ಟವಾಗಿರಲಿ. ಇದು ಸಮಾಜಶಾಸ್ತ್ರದ ಎಂ.ಎ.ಯಂತೆ ಒಂದು ವಿಷಯದ ಸ್ನಾತಕೋತ್ತರ ಪದವಿ. ಬಿ.ಇಡಿ. ಇಲ್ಲದವರಿಗೆ ಇದು ಬಿ.ಇಡಿ. ಆಗುವುದಿಲ್ಲ, ಟಿ.ಇ.ಟಿ. ಬದಲಿಗೂ ನಡೆಯುವುದಿಲ್ಲ. ಯಾವುದೇ ಪದವಿ ಇದ್ದರೆ ಪ್ರವೇಶ ಸಿಗುತ್ತದೆ. ಆದರೆ ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುವ ಆಸೆಯವರಿಗೆ ಇದರ ಬೆಲೆ ಹಲವರು ಅಂದುಕೊಂಡದ್ದಕ್ಕಿಂತ ಹೆಚ್ಚು. ಎನ್‌ಸಿಟಿಇಯ 2014ರ ಮಾನದಂಡದಲ್ಲಿ ಬಿ.ಇಡಿ. ಕಾಲೇಜಿನ ‘ಶಿಕ್ಷಣದ ದೃಷ್ಟಿಕೋನ’ ವಿಭಾಗದ ಬೋಧಕರಿಗೆ ಎರಡು ದಾರಿ ಕೊಟ್ಟಿದ್ದಾರೆ. ಸಮಾಜವಿಜ್ಞಾನದ ಸ್ನಾತಕೋತ್ತರ ಪದವಿ ಮತ್ತು ಎಂ.ಇಡಿ. ಒಂದು, ಶಿಕ್ಷಣದಲ್ಲಿ ಎಂ.ಎ. ಮತ್ತು ಬಿ.ಇಡಿ. ಇನ್ನೊಂದು. ಎರಡರಲ್ಲೂ ಪ್ರತಿ ಪದವಿಗೆ ಕನಿಷ್ಠ ಶೇ. 55 ಅಂಕ ಬೇಕು. ಗಣಿತ, ವಿಜ್ಞಾನ, ಭಾಷಾ ಬೋಧನಾ ವಿಭಾಗಗಳಿಗೆ ಈ ಎರಡನೆಯ ದಾರಿ ಇಲ್ಲ, ಅಲ್ಲಿ ಆಯಾ ವಿಷಯದ ಸ್ನಾತಕೋತ್ತರ ಪದವಿಯ ಜೊತೆ ಎಂ.ಇಡಿ.ಯೇ ಬೇಕು. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಮೇಲೆ ಕಣ್ಣಿದ್ದರೆ, ಅದರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನ ಶಿಕ್ಷಣ ವಿಷಯಕ್ಕೂ ಸಾಮಾನ್ಯ ವರ್ಗದವರಿಗೆ ಅದೇ ಶೇ. 55 ಬೇಕು.

ಹಾಗಾಗಿ ‘ಪಾಸಾದರೆ ಸಾಕು’ ಎಂದು ಓದುವವರಿಗೆ ಈ ಕೋರ್ಸು ನಷ್ಟ. ಇಗ್ನೊದಲ್ಲಿ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70 ತೂಕ. ಸ್ನಾತಕೋತ್ತರದಲ್ಲಿ ಎರಡರಲ್ಲೂ ಬೇರೆ ಬೇರೆಯಾಗಿ 40 ಬಂದರೆ ಉತ್ತೀರ್ಣ. ಅಸೈನ್‌ಮೆಂಟಿನಲ್ಲಿ 75, ಪರೀಕ್ಷೆಯಲ್ಲಿ 40 ಬಂದರೆ ಒಟ್ಟು 50.5 ಆಗುತ್ತದೆ. ಪಾಸು ಹೌದು, ಆದರೆ 55ರ ಗೆರೆ ದಾಟಿಲ್ಲ. ಅದೇ 75ರ ಜೊತೆ ಪರೀಕ್ಷೆಯಲ್ಲಿ 47 ಬಂದರೆ 55.4, ದಾಟಿತು. ಅಸೈನ್‌ಮೆಂಟ್ 60ಕ್ಕೆ ಇಳಿದರೆ ಪರೀಕ್ಷೆಯಲ್ಲಿ 53 ಬೇಕು. ಮನೆಯಲ್ಲಿ ಕೂತು ಬರೆಯುವ ಅಸೈನ್‌ಮೆಂಟನ್ನು ಕಾಟಾಚಾರಕ್ಕೆ ಗೀಚಿ ಕಳಿಸಿದರೆ ಆ ಹೊರೆ ಪರೀಕ್ಷಾ ಕೊಠಡಿಯಲ್ಲಿ ಹೆಗಲೇರುತ್ತದೆ. ಒಮ್ಮೆ ಪಾಸಾದ ಪತ್ರಿಕೆಯ ಅಂಕ ಏರಿಸಿಕೊಳ್ಳುವ ಷರತ್ತುಗಳು ಬಿಗಿ, ಅದನ್ನು ನೆಚ್ಚಿಕೊಳ್ಳುವುದು ಬೇಡ.

ಈ ಕೋರ್ಸಿನ ದೊಡ್ಡ ಕೊರತೆ ಮಾಧ್ಯಮ. ಇಂಗ್ಲಿಷ್, ಹಿಂದಿ ಬಿಟ್ಟರೆ ಕನ್ನಡದಲ್ಲಿ ಇಲ್ಲ. ಡಿ.ಇಡಿ.ಯಿಂದ ಹಿಡಿದು ಎಲ್ಲವನ್ನೂ ಕನ್ನಡದಲ್ಲೇ ಬರೆದ ಶಿಕ್ಷಕರಿಗೆ ಇದು ಸಣ್ಣ ಮಾತಲ್ಲ, ಹತ್ತರಲ್ಲಿ ಎರಡು ಅಂಕ ಕಳೆದದ್ದು ಇದಕ್ಕೇ. ಪ್ರಶ್ನೆಪತ್ರಿಕೆಯಲ್ಲಿ ಸಾಮಾನ್ಯವಾಗಿ ನಾಲ್ಕು ಪ್ರಶ್ನೆ ಇರುತ್ತವೆ. ಸುಮಾರು 600 ಪದಗಳ ದೀರ್ಘ ಉತ್ತರಗಳು, ನಡುವೆ 150 ಪದಗಳ ನಾಲ್ಕು ಟಿಪ್ಪಣಿಗಳ ಒಂದು ಪ್ರಶ್ನೆ. ಮೂರು ಗಂಟೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪದ ಇಂಗ್ಲಿಷಿನಲ್ಲಿ ಬರೆಯಬೇಕು. ಗೊತ್ತಿಲ್ಲದೆ ಕೈಕಟ್ಟಿ ಕೂತವರಿಗಿಂತ ಗೊತ್ತಿದ್ದೂ ಬರೆದು ಮುಗಿಸಲಾಗದೆ ನಾಲ್ಕನೆಯ ಪ್ರಶ್ನೆ ಬಿಟ್ಟವರೇ ಅಂಕ ಕಳೆದುಕೊಳ್ಳುವುದು. ವಿಷಯವನ್ನು ಕನ್ನಡದಲ್ಲಿ ಅರ್ಥಮಾಡಿಕೊಳ್ಳಿ, ಆದರೆ ಅಸೈನ್‌ಮೆಂಟನ್ನು ಗಡಿಯಾರ ಮುಂದಿಟ್ಟುಕೊಂಡು ಒಂದು ಉತ್ತರಕ್ಕೆ 40 ನಿಮಿಷದಂತೆ ಬರೆಯಿರಿ. ಪರೀಕ್ಷೆಯ ಅಭ್ಯಾಸವೂ ಅದರಲ್ಲೇ ಆಗುತ್ತದೆ.

ಪಠ್ಯ ಮಾತ್ರ ಚೆನ್ನಾಗಿದೆ. ಎಂಇಎಸ್-012ರಿಂದ 015ರವರೆಗಿನ ಮೂಲ ಪತ್ರಿಕೆಗಳಲ್ಲಿ ಶಿಕ್ಷಣದ ಸ್ವರೂಪ, ಕಲಿಯುವ ಮಗು, ಸಮಾಜ, ತರಗತಿಯ ಕೆಲಸ ಎಲ್ಲವನ್ನೂ ಬಿ.ಇಡಿ. ಗೈಡುಗಳಿಗಿಂತ ಎಷ್ಟೋ ಬಿಡಿಸಿ ಬರೆದಿದ್ದಾರೆ. ಘಟಕಗಳೆಲ್ಲ ಇಗ್ನೊದ ಪಠ್ಯಗಳ ಜಾಲತಾಣವಾದ ಇ-ಜ್ಞಾನಕೋಶದಲ್ಲಿ ಉಚಿತವಾಗಿ ಸಿಗುತ್ತವೆ. ಶುಲ್ಕ ಕಟ್ಟುವ ಮೊದಲೇ ಎಂಇಎಸ್-012ರ ಒಂದು ಘಟಕ ಇಳಿಸಿಕೊಂಡು ಓದಿ. ಇಂಗ್ಲಿಷ್ ತಡೆದುಕೊಳ್ಳಬಹುದೇ ಇಲ್ಲವೇ ಎಂದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಮುದ್ರಿತ ಪುಸ್ತಕ ಬೇಡವೆಂದರೆ ಶುಲ್ಕದಲ್ಲಿ ಶೇ. 15 ರಿಯಾಯಿತಿ ಇದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯವರು ಆ ರಿಯಾಯಿತಿಯ ಆಸೆಗೆ ಬೀಳದೆ ಪುಸ್ತಕವನ್ನೇ ತರಿಸಿಕೊಳ್ಳುವುದು ಲೇಸು.

ಪ್ರವೇಶದಲ್ಲಿ ಹೆಚ್ಚಿನವರು ಸಿಕ್ಕಿಕೊಳ್ಳುವುದು ಹೆಸರಿನಲ್ಲಿ. ದೂರಶಿಕ್ಷಣದ ಹೊಸ ಪ್ರವೇಶಕ್ಕೆ ಈಗ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ದೂರಶಿಕ್ಷಣ ವಿಭಾಗ ಕೊಡುವ ಡೆಬ್ ಐಡಿ ಕಡ್ಡಾಯ, ಅದಕ್ಕೆ ಮೊದಲು ಓದಿನ ಕ್ರೆಡಿಟ್‌ಗಳ ಡಿಜಿಟಲ್ ಖಾತೆಯಾದ ಎಬಿಸಿಯ ಐಡಿ ಬೇಕು, ಎಬಿಸಿ ಐಡಿ ಬರುವುದು ಡಿಜಿಲಾಕರ್‌ನಿಂದ, ಅಲ್ಲಿಗೆ ಹೆಸರು ಬರುವುದು ಆಧಾರ್‌ನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು, ಪದವಿಯಲ್ಲಿ ಅಪ್ಪನದು. ನಮ್ಮ ಕಡೆ ಮನೆಗೊಬ್ಬರಿಗಾದರೂ ಈ ತಾಪತ್ರಯ ಇದ್ದದ್ದೇ. ಎಸ್ಸೆಸ್ಸೆಲ್ಸಿಯಲ್ಲಿರುವಂತೆ ಆಧಾರ್ ತಿದ್ದಿಸಿಕೊಂಡ ಮೇಲೆ ಡೆಬ್ ಐಡಿ ಮಾಡಿಕೊಳ್ಳಿ. ಕೊನೆಯ ದಿನಾಂಕಕ್ಕೆ ತಿಂಗಳ ಮೊದಲೇ ಈ ಕೆಲಸ ಹಿಡಿಯಿರಿ.

ಅರ್ಜಿಯಲ್ಲಿ ಅಧ್ಯಯನ ಕೇಂದ್ರ ಆರಿಸುವಾಗ ನಿಮ್ಮ ಕೋರ್ಸು ಇರುವ ಕೇಂದ್ರಗಳಷ್ಟೇ ಪಟ್ಟಿಯಲ್ಲಿ ಕಾಣುತ್ತವೆ. ಊರಿನಲ್ಲೊಂದು ಇಗ್ನೊ ಕೇಂದ್ರ ಇದ್ದಮಾತ್ರಕ್ಕೆ ಅಲ್ಲಿ ಎಂ.ಎ. ಶಿಕ್ಷಣ ಇರುತ್ತದೆ ಎಂದು ಭಾವಿಸಬೇಡಿ. ಹತ್ತಿರದಲ್ಲಿ ಕಾಣದಿದ್ದರೆ ನಿಮಗೆ ಬಸ್ಸೋ ರೈಲೋ ನೇರವಾಗಿರುವ ಊರನ್ನು ಆರಿಸಿ. ಹಾಸನ, ಹೊಳೆನರಸೀಪುರದವರಿಗೆ ಮೈಸೂರು ಸಲೀಸು; ಕಡೂರು, ಅರಸೀಕೆರೆಯವರಿಗೆ ಬೆಂಗಳೂರು. ಪರೀಕ್ಷಾ ಕೇಂದ್ರವನ್ನು ಪರೀಕ್ಷೆಯ ಅರ್ಜಿ ತುಂಬುವಾಗ ಬೇರೆಯಾಗಿ ಆರಿಸಬಹುದು.

ಅಸೈನ್‌ಮೆಂಟ್ ವಿಚಾರಕ್ಕೆ ಬಂದರೆ, ಪ್ರಶ್ನೆಗಳು ಪ್ರತಿ ವರ್ಷ ಬದಲಾಗುತ್ತವೆ. ಹಳೆಯ ವರ್ಷದ ಪ್ರಶ್ನೆಗೆ ಎಷ್ಟೇ ಚೆಂದ ಉತ್ತರ ಬರೆದರೂ ಅದು ತಿರಸ್ಕೃತ. ಮರಳಿ ಓದುವವರು ತಪ್ಪುವುದು ಇಲ್ಲೇ: ಬೀರುವಿನಲ್ಲಿ ಉಳಿದಿದ್ದ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಬರೆಯಲು ಕೂರುತ್ತಾರೆ. ಕೈಬರಹದಲ್ಲೇ ಇರಬೇಕು. ಕೊಡುವ ಮೊದಲು ಪೂರ್ತಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಸ್ವೀಕೃತಿ ಚೀಟಿಯನ್ನು ಪದವಿ ಕೈಗೆ ಬರುವವರೆಗೂ ಬಿಸಾಡಬೇಡಿ. ಅಸೈನ್‌ಮೆಂಟ್ ಅಂಕ ಗ್ರೇಡ್ ಕಾರ್ಡಿನಲ್ಲಿ ಏರದೇ ಇರುವುದು ಇಗ್ನೊ ವಿದ್ಯಾರ್ಥಿಗಳ ಹಳೇ ಗೋಳು. ಆಗ ಇಗ್ನೊದ ಕುಂದುಕೊರತೆ ಪೋರ್ಟಲ್ ಆದ ಐಗ್ರಾಂನಲ್ಲಿ ದೂರು ಹಾಕುವುದಕ್ಕೆ ಈ ಚೀಟಿಯೇ ಆಧಾರ.

ಪರೀಕ್ಷೆ ವರ್ಷಕ್ಕೆರಡು ಬಾರಿ, ಜೂನ್ ಮತ್ತು ಡಿಸೆಂಬರ್. ಪತ್ರಿಕೆಗೆ 200 ರೂಪಾಯಿ ಶುಲ್ಕ, ಗಡುವು ಮೀರಿದರೆ 1,100 ರೂಪಾಯಿ ದಂಡ. ಜೂನ್ ಎಂದರೆ ಶಾಲೆ ಶುರುವಾಗಿ ದಾಖಲಾತಿ ಆಂದೋಲನ, ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಗಡಿಬಿಡಿ. ಡಿಸೆಂಬರ್ ಎಂದರೆ ಪ್ರವಾಸ, ವಾರ್ಷಿಕೋತ್ಸವ. ಎರಡರಲ್ಲಿ ಜೂನ್ ವಾಸಿ, ಏಕೆಂದರೆ ಅದರ ಹಿಂದೆಯೇ ಬೇಸಿಗೆ ರಜೆ ಇದೆ. ಭಾರವಾದ ಎಂಇಎಸ್-016, ಅಂದರೆ ಶೈಕ್ಷಣಿಕ ಸಂಶೋಧನೆಯ ಪತ್ರಿಕೆಯನ್ನು ಜೂನ್‌ಗೆ ಇಟ್ಟುಕೊಳ್ಳಿ. ಒಂದೇ ಸಲಕ್ಕೆ ಎಲ್ಲ ಪತ್ರಿಕೆ ಬರೆಯಬೇಕೆಂಬ ನಿಯಮ ಇಲ್ಲ.

ಪ್ರಬಂಧ, ಎಂಇಎಸ್‌ಪಿ-001, ಈ ಕೋರ್ಸಿನಲ್ಲಿ ಅರ್ಧಕ್ಕೆ ನಿಲ್ಲಲು ಇರುವ ಅತಿ ಸುಲಭದ ಜಾಗ. ಮೊದಲು ಮಾರ್ಗದರ್ಶಕರ ಒಪ್ಪಿಗೆ, ಅವರ ವಿವರಗಳೊಂದಿಗೆ ಪ್ರಸ್ತಾವನೆ, ಅದಕ್ಕೆ ಅನುಮೋದನೆ ಬಂದ ಮೇಲಷ್ಟೇ ದತ್ತಾಂಶ ಸಂಗ್ರಹ. ಮಾರ್ಗದರ್ಶಕರಿಗಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನ ಉಪನ್ಯಾಸಕರನ್ನೋ ಬಿ.ಇಡಿ. ಕಾಲೇಜಿನ ಪ್ರಾಧ್ಯಾಪಕರನ್ನೋ ಕೇಳಿ, ಅರ್ಹತೆಯ ಷರತ್ತು ಕೈಪಿಡಿಯಲ್ಲಿದೆ. ಎಂ.ಇಡಿ.ಯಲ್ಲಿ ಅರ್ಧ ಬರೆದಿಟ್ಟ ಪ್ರಬಂಧ ಇದ್ದರೆ ವಿಷಯವನ್ನು ಉಳಿಸಿಕೊಳ್ಳಬಹುದು, ದತ್ತಾಂಶ ಹಳೆಯದಾಗಿದ್ದರೆ ಹೊಸದಾಗಿಯೇ ಸಂಗ್ರಹಿಸಬೇಕು. ಕಾಫಿ ತೋಟದ ಲೈನ್ ಮನೆಗಳ ಮಕ್ಕಳ ಹಾಜರಾತಿ, ಕ್ಲಸ್ಟರಿನ ನಲಿಕಲಿ ತರಗತಿಗಳು, ಹೀಗೆ ನಿಮ್ಮ ಶಾಲೆಯ ಆಸುಪಾಸಿನಲ್ಲೇ ಸಿಗುವ ವಿಷಯ ಹಿಡಿಯಿರಿ. ಜಿಲ್ಲೆಯಿಡೀ ಸುತ್ತಬೇಕಾದ ಸಮೀಕ್ಷೆಗೆ ಕೈಹಾಕಿದರೆ ಕೊಯ್ಲಿನ ಕಾಲಕ್ಕೆ ಮಕ್ಕಳೂ ಸಿಗುವುದಿಲ್ಲ, ಪೋಷಕರೂ ಸಿಗುವುದಿಲ್ಲ.

ಇಗ್ನೊದಲ್ಲೇ ಮೊದಲ ವರ್ಷ ಮುಗಿಸಿ ಬಿಟ್ಟವರಿಗೆ ದಾರಿ ಇನ್ನೂ ಹತ್ತಿರ. ಗರಿಷ್ಠ ನಾಲ್ಕು ವರ್ಷದೊಳಗಿದ್ದರೆ ಎರಡನೇ ವರ್ಷಕ್ಕೆ ರೀ-ರಿಜಿಸ್ಟ್ರೇಶನ್ ಮಾಡಿದರಾಯಿತು, ಮೊದಲ ವರ್ಷದ ಪತ್ರಿಕೆ ಬಾಕಿ ಇದ್ದರೂ ಅಡ್ಡಿಯಿಲ್ಲ. ನಾಲ್ಕು ವರ್ಷ ದಾಟಿದ್ದರೆ ರೀ-ಅಡ್ಮಿಷನ್, ಮುಗಿಯದ ಪತ್ರಿಕೆಗಳಿಗೆ ಮಾತ್ರ ಶುಲ್ಕ ಕಟ್ಟಿ ಹೆಚ್ಚುವರಿ ಅವಧಿ ಪಡೆಯುವ ವ್ಯವಸ್ಥೆ. ಇವೆರಡನ್ನು ಅದಲುಬದಲು ಮಾಡಿ ಹಣ ಕಟ್ಟಿದವರು ಮರುಪಾವತಿಗೆ ಕಾಯುವುದರಲ್ಲೇ ಒಂದು ಪರೀಕ್ಷೆ ಕಳೆದುಕೊಳ್ಳುತ್ತಾರೆ. ಈ ಸೌಲಭ್ಯ ಎಂ.ಇಡಿ.ಯ ಮೂರು ವರ್ಷದ ಗೋಡೆಗೆ ಹೋಲಿಸಿದರೆ ಎಷ್ಟೋ ಉದಾರ, ಏಳು ಅಂಕದಲ್ಲಿ ಹೆಚ್ಚಿನ ಪಾಲು ಇದಕ್ಕೆ.

ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಹಿಂದೆ ಓದಿದವರಿಗೆ ಒಂದು ಎಚ್ಚರಿಕೆ. 2013-14ರಿಂದ ಕೆಲವು ವರ್ಷ ಅದಕ್ಕೆ ಯುಜಿಸಿ ಮಾನ್ಯತೆ ಇರಲಿಲ್ಲ, 2018-19ರಿಂದ ಮರಳಿತು. ಆ ನಡುವಿನ ಪ್ರವೇಶದ ಪದವಿಯನ್ನು ಅರ್ಹತೆಯಾಗಿ ತೋರಿಸುವ ಮೊದಲು ವಿಚಾರಿಸಿ. ಇನ್ನು ಟಿ.ಇ.ಟಿ. ಆಗಿಲ್ಲದ ಸೇವಾನಿರತರು ಎಂ.ಎ.ಯನ್ನು ಪಕ್ಕಕ್ಕಿಡಿ. ಸೇವೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿದೆ. ಪಾಸಾದವರ ಪ್ರಮಾಣಪತ್ರಕ್ಕೆ 2021ರಿಂದ ಜೀವಾವಧಿ ಮಾನ್ಯತೆ ಇದೆ, ಅವರಿಗೆ ಆ ತಲೆಬಿಸಿ ಇಲ್ಲ.

ಸರ್ಕಾರಿ ಶಿಕ್ಷಕರು ಯಾವ ದಾರಿ ಹಿಡಿದರೂ ಶುಲ್ಕ ಕಟ್ಟುವ ಮೊದಲು ಅನುಮತಿ ಪಡೆಯಬೇಕು. ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ, ಅಲ್ಲಿಂದ ಪ್ರಾಥಮಿಕ ಶಾಲೆಯವರ ನೇಮಕಾತಿ ಪ್ರಾಧಿಕಾರವಾದ ಜಿಲ್ಲಾ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ ಕಡತ ಹೋಗುತ್ತದೆ. ಅರ್ಜಿಯ ಜೊತೆ ಕೋರ್ಸಿನ ಹೆಸರು, ಅವಧಿ, ದೂರಶಿಕ್ಷಣ ಎಂಬುದು ಕಾಣುವ ಕೈಪಿಡಿಯ ಪುಟ, ಶಾಲಾ ಕೆಲಸಕ್ಕೆ ತೊಂದರೆಯಾಗದಂತೆ ಓದುವ ಮುಚ್ಚಳಿಕೆ ಇರಲಿ. ಟಪಾಲಿನಲ್ಲಿ ಕೊಟ್ಟು ಬಿಟ್ಟರೆ ಸಾಲದು, ವಿಷಯ ನಿರ್ವಾಹಕರ ಮೇಜಿಗೆ ಬಂತೇ ಎಂದು ವಾರಕ್ಕೊಮ್ಮೆ ಕೇಳಬೇಕು. ಪ್ರವೇಶದ ದಿನಾಂಕ ಮೊದಲು, ಅನುಮತಿಯ ದಿನಾಂಕ ಆಮೇಲೆ ಬಂದರೆ ಪದವಿಯನ್ನು ಸೇವಾ ಪುಸ್ತಕಕ್ಕೆ ಏರಿಸುವಾಗ ಆಕ್ಷೇಪಣೆ ಬೀಳುತ್ತದೆ, ಘಟನೋತ್ತರ ಅನುಮತಿಗೆ ಅಲೆಯಬೇಕಾಗುತ್ತದೆ. ಪರೀಕ್ಷೆಯ ದಿನಗಳಿಗೆ ಹಾಕಿದ ರಜೆಯ ಅರ್ಜಿಗಳ ಪ್ರತಿ, ಪರೀಕ್ಷಾ ಪ್ರವೇಶಪತ್ರ, ಅನುಮತಿ ಆದೇಶ, ಮೂರನ್ನೂ ಒಂದೇ ಫೈಲಿನಲ್ಲಿಡಿ. ಫಲಿತಾಂಶ ಬಂದ ಮೇಲೆ ಗ್ರೇಡ್ ಕಾರ್ಡ್ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿಗಳೊಂದಿಗೆ ಇದೇ ಫೈಲನ್ನು ಬಿಇಒ ಕಚೇರಿಗೆ ಕೊಟ್ಟು, ಸೇವಾ ಪುಸ್ತಕದಲ್ಲಿ ನಮೂದಾದ ಪುಟದ ಜೆರಾಕ್ಸ್ ಪಡೆದುಕೊಳ್ಳಿ.